ಹುಟ್ಟಿನಿಂದಲೇ ಇದ್ದ ರಂಧ್ರ

ವರ್ಷಕ್ಕೊಮ್ಮೆ ನಡೆಯುವ ವೈದ್ಯಕೀಯ ತಪಾಸಣೆಗೆ ಹೆದರದ ಪೈಲಟ್‌ನನ್ನು ನಾನಂತೂ ಕಂಡಿಲ್ಲ. ಆ ಸಲ ನನ್ನ ಎದೆಯ ಮೇಲಿಟ್ಟ ಸ್ಟೆತಾಸ್ಕೋಪನ್ನು ವೈದ್ಯರು ಬೇಗ ತೆಗೆಯಲೇ ಇಲ್ಲ. ಹೃದಯದ ಎರಡನೇ ಸದ್ದು ಉಸಿರೆಳೆದಾಗ ಎರಡಾಗಿ ಕೇಳುವುದು ಸಹಜ. ನನ್ನದು ಉಸಿರು ಬಿಟ್ಟಾಗಲೂ ಹಾಗೇ ಇತ್ತಂತೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಕಾರಣ ಕಂಡಿತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 11 ಮಿಲಿಮೀಟರ್ ರಂಧ್ರ, ಎಎಸ್‌ಡಿ. ಹುಟ್ಟಿನಿಂದಲೇ ಇದ್ದದ್ದು. ಅಂದೇ ನನ್ನ ಫೈಟರ್ ಹಾರಾಟ ನಿಂತಿತು.

ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ನಾನು ವಾದಕ್ಕಿಳಿದೆ: ಇಂಥ ರಂಧ್ರ ಇಟ್ಟುಕೊಂಡು ಎಷ್ಟೋ ಜನ ಆರಾಮಾಗಿಲ್ಲವೇ? "ಇದ್ದಾರೆ, ಆದರೆ ಅವರು ಫೈಟರ್ ಓಡಿಸುವುದಿಲ್ಲ" ಎಂದರು ವೈದ್ಯರು. ಕಡಿದಾದ ತಿರುವಿನಲ್ಲಿ ರಕ್ತ ಕಾಲಿಗಿಳಿದು ಪ್ರಜ್ಞೆ ತಪ್ಪದಿರಲೆಂದು ನಾವು ತೊಡೆ, ಹೊಟ್ಟೆ ಬಿಗಿದು ಉಸಿರು ಕಟ್ಟುತ್ತೇವೆ. ಸುಮಾರು ಮೂರು ಸೆಕೆಂಡಿಗೊಮ್ಮೆ ಬಿಟ್ಟು ಮತ್ತೆ ಕಟ್ಟುತ್ತೇವೆ. ಹಾಗೆ ಬಿಟ್ಟ ಕ್ಷಣ ರಕ್ತ ಹೃದಯದ ಬಲಭಾಗಕ್ಕೆ ನುಗ್ಗುತ್ತದೆ. ರಂಧ್ರದಲ್ಲಿ ಎಡದಿಂದ ಬಲಕ್ಕೆ ಸೋರುತ್ತಿದ್ದದ್ದು ಆಗ ತಿರುಗಿ ಬಲದಿಂದ ಎಡಕ್ಕೆ ಹರಿಯಬಹುದು. ಎತ್ತರದಲ್ಲಿ ಕಾಕ್‌ಪಿಟ್ಟಿನ ಒತ್ತಡ ಕುಸಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳಬಹುದು. ಶ್ವಾಸಕೋಶದಲ್ಲೇ ಸೋಸಿಹೋಗಬೇಕಾದ ಗುಳ್ಳೆ ಈ ಕಳ್ಳದಾರಿಯಲ್ಲಿ ಮಿದುಳು ಸೇರಿದರೆ ಪಾರ್ಶ್ವವಾಯು, ಅದೂ ಆಕಾಶದಲ್ಲಿ. ನನ್ನ ಬಾಯಿ ಕಟ್ಟಿತು.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದೆ ಕೊಯ್ಯಲಿಲ್ಲ, ತೊಡೆಸಂದಿನ ರಕ್ತನಾಳದ ಮೂಲಕ ನಿಟಿನಾಲ್ ತಂತಿಯ ಜೋಡಿತಟ್ಟೆ ತಂದು ರಂಧ್ರ ಮುಚ್ಚಿದರು. ಆರು ತಿಂಗಳು ಆಸ್ಪಿರಿನ್. ಅಷ್ಟರಲ್ಲಿ ಆ ತಟ್ಟೆಯ ಮೇಲೆ ನನ್ನದೇ ಅಂಗಾಂಶ ಬೆಳೆಯುತ್ತದೆ.

ಹಿಂಸೆಯಾದದ್ದು ಕಾಯುವುದು. ಜೊತೆಯವರು ಹೆಲ್ಮೆಟ್ ಹಿಡಿದು ಹೊರಟಾಗ ನಾನು ಹಾರಾಟದ ವೇಳಾಪಟ್ಟಿ ಬರೆಯುತ್ತಿದ್ದೆ. ಊರಿಂದ ಅಮ್ಮ ಫೋನಿನಲ್ಲಿ, ಹೊಟ್ಟೆಯಲ್ಲಿದ್ದಾಗ ತಾನೇನು ತಿಂದೆನೋ ಎಂದು ಅಳುತ್ತಿದ್ದಳು. ಅವಳಿಗೆ ಸಮಾಧಾನ ಹೇಳುವುದು ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲುವುದಕ್ಕಿಂತ ಕಷ್ಟವಾಯಿತು. ರಾತ್ರಿ ಎದೆಬಡಿತ ಎಣಿಸುತ್ತ ಮಲಗುತ್ತಿದ್ದೆ. ಒಂದು ಬಡಿತ ತಪ್ಪಿದಂತಾದರೆ ಬೆಳಗಿನ ತನಕ ನಿದ್ದೆಯಿಲ್ಲ.

ಮತ್ತೆ ಎಕೋ, ಟ್ರೆಡ್‌ಮಿಲ್, 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್. ಸೋರಿಕೆ ಇಲ್ಲ, ಲಯ ಸರಿಯಿದೆ. ಆದರೂ ಫೈಟರ್ ಸಿಗಲಿಲ್ಲ. ಜೊತೆಗೆ ಇನ್ನೊಬ್ಬ ಪೈಲಟ್ ಇರಬೇಕೆಂಬ ಷರತ್ತಿನ ಮೇಲೆ ಸಾರಿಗೆ ವಿಮಾನ ಕೊಟ್ಟರು. ಆಗ ಸಿಟ್ಟು ಬಂದಿತ್ತು. ಈಗ ಕೇಳಿದರೆ ತೀರ್ಮಾನ ಸರಿ ಎನ್ನುತ್ತೇನೆ. ವಾಯುಪಡೆಗೆ ಸೇರಬೇಕೆನ್ನುವ ಮಕ್ಕಳಿದ್ದರೆ ಅರ್ಜಿ ಹಾಕುವ ಮೊದಲೇ ಒಂದು ಎಕೋ ಮಾಡಿಸಿ.