ವಾಚಿನ ರಬ್ಬರ್ ಬೆಲ್ಟ್ ಹರಿದರೆ: ಸವೆದದ್ದಾ, ಮೊದಲೇ ದೋಷ ಇದ್ದದ್ದಾ?

ಈ ವಾರ ಮಳೆ ಬಿಡುವ ಹಾಗೆ ಕಾಣುವುದಿಲ್ಲ. ಎರಡನೇ ಸಲದ ಮದ್ದು ಅರ್ಧ ತೋಟಕ್ಕೆ ಆಗಿ ನಿಂತಿದೆ. ಕೊಳೆರೋಗದ ಬಗ್ಗೆ ಹೊಸತಾಗಿ ಬರೆಯಲು ಏನೂ ಇಲ್ಲ, ಕಳೆದ ಸಲ ಬರೆದದ್ದೇ ಈಗಲೂ. ಆದರೆ ಜೋಡುರಸ್ತೆಯಲ್ಲಿ ಸಿಕ್ಕಿದ ಮೂರ್ನಾಲ್ಕು ಜನ ಬೇರೆ ಒಂದು ವಿಷಯ ಕೇಳಿದರು. ಇಬ್ಬರು ಹರಿದ ವಾಚಿನ ಬೆಲ್ಟನ್ನೇ ಕಿಸೆಯಿಂದ ತೆಗೆದು ತೋರಿಸಿದರು. "ಇದನ್ನು ಅಂಗಡಿಗೆ ಹಿಂದೆ ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ?" ಅಂತ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ಈ ಮಾತು ಹಬ್ಬಿದ್ದು ಹೀಗೆ. ನಮ್ಮ ತೋಟಕ್ಕೆ ಮದ್ದು ಬಿಡಲು ಬರುವ ಹುಡುಗ ಜನವರಿಯಲ್ಲಿ ಒಂದು ವಾಚು ಕೊಂಡಿದ್ದ. ಎರಡು ದಿನದ ಸಂಬಳ ಅದಕ್ಕೆ ಹೋಗಿದೆ. ಮೇ ಕೊನೆಗೆ, ಮೊದಲ ಮದ್ದಿಗೂ ಮುಂಚೆ, ಗೊಬ್ಬರ ತುಂಬಿಸುವಾಗ ಬೆಲ್ಟು ಹರಿದು ವಾಚು ಗೊಬ್ಬರದ ಹೊಂಡಕ್ಕೆ ಬಿತ್ತು. ಹುಡುಕಿ ತೆಗೆದಾಗ ವಾಚು ನಡೆಯುತ್ತಲೇ ಇತ್ತು, ಅದು ಬೇರೆ ಮಾತು. ಅಂಗಡಿಗೆ ಹೋದರೆ ಅವರು ಬೆಲ್ಟನ್ನು ಸರಿಯಾಗಿ ನೋಡಲೂ ಇಲ್ಲ. "ತೋಟದ ಕೆಲಸ ಮಾಡುವವರ ಕೈಯಲ್ಲಿ ಯಾವ ಬೆಲ್ಟ್ ಉಳೀತದೆ? ಇದು ಸವೆತ, ವಾರಂಟಿಯಲ್ಲಿ ಬರುದಿಲ್ಲ" ಅಂದರಂತೆ. ಹುಡುಗ ಏನೂ ಹೇಳದೆ ಬಂದ. ಹಣಕ್ಕಿಂತ ಆ ಮಾತು ಅವನಿಗೆ ಹೆಚ್ಚು ನಾಟಿತ್ತು. ಕೆಲಸದ ಕೈ ಎಂದ ಕೂಡಲೇ ತಪ್ಪು ಆ ಕೈಯದ್ದೇ ಅಂತ ಲೆಕ್ಕ.

ನಾನು ಬೆಲ್ಟನ್ನು ತೊಳೆದು, ಒರೆಸಿ, ಹರಿದ ಮುಖವನ್ನು ಬೆಳಕಿಗೆ ಹಿಡಿದೆ.

ಇದು ನಾನು ಕಂಡುಹಿಡಿದದ್ದೇನಲ್ಲ, ನಮಗೆ ದಿನಾ ಆಗುವುದೇ. ರಬ್ಬರ್ ಇರುವವರು ಶೀಟು ಮಾರಲು ಹೋದಾಗ ವ್ಯಾಪಾರಿ ಏನು ಮಾಡುತ್ತಾರೆ? ಒಂದು ಶೀಟು ಎಳೆದು ಬೆಳಕಿಗೆ ಹಿಡಿಯುತ್ತಾರೆ. ಹಾಲು ಹೆಪ್ಪು ಹಾಕುವಾಗ ನೊರೆ ಸರಿ ತೆಗೆಯದಿದ್ದರೆ ಒಳಗೆ ಗುಳ್ಳೆ ಕಾಣುತ್ತದೆ. ಬೂಷ್ಟು ಹಿಡಿದಿದ್ದರೆ, ಒಣಗದ ಬಿಳಿ ಕಲೆ ಇದ್ದರೆ, ಹೊಗೆ ಹೆಚ್ಚಾಗಿದ್ದರೆ ಅದೂ ಕಾಣುತ್ತದೆ. ಕೊಟ್ಟಾಯಂನ ರಬ್ಬರ್ ಬೋರ್ಡ್ ದಿನಾ ಹೇಳುವ ಆರ್‌ಎಸ್‌ಎಸ್ 4ರ ರೇಟು ಪೇಪರಿನಲ್ಲಿ ಎಷ್ಟೇ ಇರಲಿ, ನಮ್ಮ ಕೈಗೆ ಬರುವುದು ಆ ಗುಳ್ಳೆ ಕಳೆದ ಮೇಲಿನ ರೇಟು. "ನಮ್ಮ ಕಡೆ ಮಳೆ ಜಾಸ್ತಿ, ಹಾಗಾಗಿ ಗುಳ್ಳೆ" ಅಂದರೆ ಯಾರೂ ಕೇಳುವುದಿಲ್ಲ. ಅದೇ ರಬ್ಬರು ಬೆಲ್ಟಾಗಿ ತಿರುಗಿ ನಮ್ಮ ಕೈಗೆ ಬಂದಾಗ ನಾವೂ ಹಾಗೆಯೇ ನೋಡಬಹುದಲ್ಲ.

ಹುಡುಗನ ಬೆಲ್ಟು ಹರಿದದ್ದು ಪಿನ್ ಹೋಗುವ ತೂತಿನ ಬಳಿ, ವಾಚಿಗೆ ತಾಗಿದಲ್ಲಿ. ಮೇಲ್ಮೈ ಹೊಸದರ ಹಾಗೆಯೇ ಇತ್ತು, ಒಂದು ಗೀರೂ ಇಲ್ಲ. ಹರಿದ ಮುಖದ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಎರಡು ಗುಳ್ಳೆ, ಒಳಬದಿ ನುಣುಪಾಗಿ ಹೊಳೆಯುತ್ತಿತ್ತು. ಅಚ್ಚಿಗೆ ರಬ್ಬರ್ ಹಾಕುವಾಗ ಗಾಳಿಯೋ ತೇವವೋ ಒಳಗೆ ಸಿಕ್ಕಿಹಾಕಿಕೊಂಡರೆ ಹೀಗಾಗುತ್ತದೆ. ಗುಳ್ಳೆಯ ಸುತ್ತ ಸ್ವಲ್ಪ ಮಾಸಿದ ಬಣ್ಣ, ಅಂಚಿನ ಕಡೆಗೆ ಹೊಸದಾಗಿ ಹರಿದ ಶುದ್ಧ ಬಣ್ಣ. ಹರಿತ ಶುರುವಾದದ್ದು ಒಳಗೆ, ಮುಗಿದದ್ದು ಹೊರಗೆ.

ಹಲಸಿನ ಕೊಂಬೆ ಮುರಿದು ಬಿದ್ದಾಗ ನಾವು ಮುರಿದ ಜಾಗ ನೋಡುವುದಿಲ್ಲವಾ? ಕಪ್ಪಾದ ಭಾಗ ಹಳೆಯ ಗಾಯ, ಬಿಳಿ ಭಾಗ ಇವತ್ತಿನದ್ದು. ಕಪ್ಪು ಎಲ್ಲಿಂದ ಶುರುವಾಗಿದೆ ಅಂತ ನೋಡಿದರೆ ಕತ್ತಿಯ ಗಾಯವಾ, ಒಳಗಿನ ಹುಳವಾ ಗೊತ್ತಾಗುತ್ತದೆ. ರಬ್ಬರಿನಲ್ಲೂ ಅಷ್ಟೇ. ಬೆಲ್ಟಿಗೆ ಎಷ್ಟು ತಿಂಗಳಾಯಿತು ಎನ್ನುವುದಕ್ಕಿಂತ ಮೊದಲು ಈ ಮುಖ ನೋಡಬೇಕು. ಹೊರಗಿನ ಅಂಚಿನಿಂದ ಒಳಗೆ ಕೊಳೆ ಇಳಿದಿದ್ದರೆ ಅದು ಬಳಕೆಯ ಬಿರುಕು, ದಿನಾ ಸ್ವಲ್ಪ ಸ್ವಲ್ಪ ಬೆಳೆದದ್ದು. ಮೇಲ್ಮೈ ಗಟ್ಟಿ ಇದ್ದು ನಡುವಿನಿಂದ ಹೊರಟಿದ್ದರೆ ಅದು ಮಾಡಿದವರ ಕಡೆಯದ್ದು. ಕೆಲವು ಬೆಲ್ಟು ಗೆರೆ ಎಳೆದ ಹಾಗೆ ನೇರವಾಗಿ, ಎರಡು ತುಂಡು ಅಂಟಿಸಿದ್ದು ಬಿಟ್ಟುಕೊಂಡಂತೆ ಬಿಡುತ್ತದೆ. ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬಂದ ರಬ್ಬರು ಸರಿಯಾಗಿ ಕೂಡದಿದ್ದರೆ ಹಾಗೆ. ಅದೂ ದೋಷವೇ.

ಅಂಗಡಿಗೆ ನಾನೂ ಜೊತೆಗೆ ಹೋದೆ. ಜಗಳ ಎಂತದ್ದೂ ಇಲ್ಲ. ವಾಚು ರಿಪೇರಿಗೆ ಇಟ್ಟಿದ್ದ ಭೂತಗನ್ನಡಿ ಕೇಳಿ, ಅದರಲ್ಲೇ ಗುಳ್ಳೆ ತೋರಿಸಿದೆ. ಅವರು ಎರಡು ಸಲ ನೋಡಿ, "ಕಳಿಸಿ ನೋಡುವ" ಅಂದರು. ಎರಡು ವಾರಕ್ಕೆ ಹೊಸ ಬೆಲ್ಟು ಬಂತು. ಹುಡುಗನ ಹತ್ತಿರ ಅವರು, "ಮೊದಲೇ ಹೇಳಬಹುದಿತ್ತಲ್ಲ" ಅಂದರು. ಎಂತ ಹೇಳುದು ಅದಕ್ಕೆ!

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಹರಿದ ಬೆಲ್ಟಿಗೂ ಹೊಸತು ಸಿಗುತ್ತದೆ ಅಂತ ಆಗುತ್ತದೆ. ಹಾಗಿಲ್ಲ. ಸುದ್ದಿ ಕೇಳಿ ಭಾವ ತನ್ನ ಬೆಲ್ಟು ತಂದರು. ಒಂದೂವರೆ ವರ್ಷದ್ದು, ಕಪ್ಪು ರಬ್ಬರು. ಅಡಿಭಾಗ ಬೆಲ್ಲದ ಪಾಕದ ಹಾಗೆ ಅಂಟು ಅಂಟು, ಹಾಕುವ ತೂತಿನ ಬಳಿ ಅಡ್ಡಡ್ಡ ಬಿರುಕು. ಭಾವನ ಪ್ರಕಾರ ಇದು ಖಂಡಿತ ಕಳಪೆ ಮಾಲು, ಗ್ರಾಹಕರ ಆಯೋಗಕ್ಕೇ ಹೋಗುವುದು. ನಾನು ಬೇಡ ಅಂದೆ.

ಯಾಕೆ ಅಂತ ಹೇಳುತ್ತೇನೆ, ಅಡಿಕೆಯವರು ಇದೊಂದು ತಿಳಿದಿರಬೇಕು. ನಾವು ಬಿಡುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಈ ತಾಮ್ರ ಮರದ ರಬ್ಬರಿಗೆ ದೊಡ್ಡ ಶತ್ರು. ಗಾಳಿಯ ಆಮ್ಲಜನಕ ರಬ್ಬರನ್ನು ತಿನ್ನುವುದು ಹೇಗೂ ಇದ್ದದ್ದೇ, ತಾಮ್ರ ತಾಗಿದರೆ ಆ ಕೆಲಸ ಬಹಳ ಬೇಗ ಆಗುತ್ತದೆ. ಹಾಗಾಗಿಯೇ ರಬ್ಬರ್ ಹಾಲನ್ನು ತಾಮ್ರ, ಹಿತ್ತಾಳೆ ಪಾತ್ರೆಗೆ ತಾಗಿಸಬಾರದು ಅನ್ನುವುದು. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಮೇಲೆ ನೋಡಿ ಮದ್ದು ಬಿಡುವಾಗ ದ್ರಾವಣ ಮೊಣಕೈವರೆಗೆ ಇಳಿಯುತ್ತದೆ. ಬೆಲ್ಟಿನ ಅಡಿಗೆ ಹೋಗಿ ಬೆವರಿನ ಜೊತೆ ಕೂತರೆ ಸಂಜೆವರೆಗೆ ಅಲ್ಲೇ. ಭಾವ ಎರಡು ಮಳೆಗಾಲ ಅದೇ ಬೆಲ್ಟು ಕಟ್ಟಿಕೊಂಡು ಮದ್ದು ಬಿಟ್ಟಿದ್ದಾರೆ.

ಪರೀಕ್ಷೆಗೆ ಬೆಲ್ಟಿನಲ್ಲೇ ಒಂದು ಸಾಕ್ಷಿ ಇರುತ್ತದೆ. ಬಕಲಿನಿಂದ ಆಚೆ ಉಳಿಯುವ ತುದಿ ಎಳೆತಕ್ಕೆ ಸಿಕ್ಕುವುದಿಲ್ಲ, ಚರ್ಮಕ್ಕೂ ಒತ್ತಿ ಕೂರುವುದಿಲ್ಲ. ಹೊಸ ಗೊಬ್ಬರ ಹಾಕಿ ನೋಡುವಾಗ ನಾಲ್ಕು ಮರ ಹಾಗೇ ಬಿಡುತ್ತೇವಲ್ಲ, ಆ ತುದಿ ನಮಗೆ ಆ ನಾಲ್ಕು ಮರ. ತುದಿ ಚೆನ್ನಾಗಿದ್ದು, ಹಾಕುವ ತೂತು ಮತ್ತು ಅಡಿಭಾಗ ಮಾತ್ರ ಹಾಳಾಗಿದ್ದರೆ ಅದು ಬಳಕೆಯದ್ದು. ತುದಿಯೂ ಕೆಲವೇ ತಿಂಗಳಲ್ಲಿ ಅಂಟಾಗಿದ್ದರೆ, ಅಥವಾ ಪೆಟ್ಟಿಗೆಯಲ್ಲಿಟ್ಟ ಹೊಸ ಬೆಲ್ಟೇ ಮೆದುವಾಗಿದ್ದರೆ ರಬ್ಬರನ್ನೇ ದೂರಬೇಕು. ಭಾವನ ಬೆಲ್ಟಿನ ತುದಿ ಗಟ್ಟಿಯಾಗಿ, ಒಣಗಿ, ಚೆನ್ನಾಗಿಯೇ ಇತ್ತು. ಭಾವನಿಗೆ ನನ್ನ ಮಾತು ಇಷ್ಟವಾಗಲಿಲ್ಲ. ಹುಡುಗನಿಗೆ ಕೊಡಿಸಿದಿರಿ, ನನಗೆ ಮಾತ್ರ ಕಾನೂನಾ ಅಂತ ಕೇಳಿದರು. ಚಾ ಕುಡಿದು ಹೋದರು, ಬೆಲ್ಟು ಇಲ್ಲೇ ಬಿಟ್ಟು ಹೋಗಿದ್ದಾರೆ. ಅಂಗಡಿಯವರು ತಪ್ಪು ಹೇಳಿದಾಗ ತಪ್ಪು ಅನ್ನಬೇಕಾದರೆ ಸರಿ ಹೇಳಿದಾಗ ಸರಿ ಅನ್ನಲೇಬೇಕಲ್ಲ.

ಅಡ್ಡಡ್ಡ ಬಿರುಕಿನ ಬಗ್ಗೆ ಒಂದು ಮಾತು. ಗಾಳಿಯಲ್ಲಿ ಸ್ವಲ್ಪ ಓಝೋನ್ ಇರುತ್ತದೆ, ಅದು ಎಳೆದು ಹಿಡಿದ ರಬ್ಬರನ್ನು ಮಾತ್ರ ಸೀಳುತ್ತದೆ, ಎಳೆದ ದಿಕ್ಕಿಗೆ ಅಡ್ಡಲಾಗಿ. ಬೆಲ್ಟನ್ನು ಬಿಗಿಯಾಗಿ ಒಂದೇ ತೂತಿಗೆ ವರ್ಷಗಟ್ಟಲೆ ಹಾಕುವವರಿಗೆ ಆ ಬಿರುಕು ಬಂದೇ ಬರುತ್ತದೆ. ಇನ್ನು ಕೆಲವರು ಹೊಸ ರಬ್ಬರಿನ ಮೇಲೆ ಬಿಳಿ ಪುಡಿ ಕಂಡು ಬೂಷ್ಟು ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಈ ಓಝೋನಿಗೆ ತಡೆಯಾಗಿ ಸೇರಿಸಿದ ಮೇಣ ಹೊರಗೆ ಬಂದದ್ದು, ಒರೆಸಿದರೆ ಹೋಗುತ್ತದೆ.

"ರಬ್ಬರ್ ಬೆಲ್ಟ್" ಅಂತ ಮಾರುವುದೆಲ್ಲ ಮರದ ರಬ್ಬರ್ ಅಂತಲೂ ತಿಳಿಯಬೇಡಿ. ಮರದ ಹಾಲಿನ ರಬ್ಬರು ಬಿಸಿಲಿಗೆ ಕರಗದೆ, ಚಳಿಗೆ ಸೆಟೆಯದೆ ನಿಲ್ಲುವುದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದ ಮೇಲೆ. ಈಗ ಕೈಗೆ ಬರುವ ಬಹಳಷ್ಟು ಬೆಲ್ಟು ಸಿಲಿಕೋನ್ ಅಥವಾ ಪಾಲಿಯುರೆಥೇನ್. ಸಿಲಿಕೋನ್ ಮೆತ್ತಗೆ, ಧೂಳು ಹಿಡಿಯುತ್ತದೆ, ಬಿಸಿಲಿಗೂ ಓಝೋನಿಗೂ ಅಲುಗುವುದಿಲ್ಲ. ಆದರೆ ತಂತಿಬೇಲಿಯ ಒಂದು ಸಣ್ಣ ಗೀರು ಸಾಕು, ಅಲ್ಲಿಂದ ಸೀಳಿಕೊಂಡು ಹೋಗುತ್ತದೆ. ಹೀಗೆ ಗೀರಿನಿಂದ ಹರಿದದ್ದಕ್ಕೆ ಯಾರನ್ನೂ ಕೇಳಲಿಕ್ಕಿಲ್ಲ. ಪಾಲಿಯುರೆಥೇನಿನ ಕಥೆ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಮದುವೆಗೆ ಅಂತ ತೆಗೆದಿಟ್ಟ ಬೂಟು ಎರಡು ಮಳೆಗಾಲ ಕಪಾಟಿನಲ್ಲಿ ಕೂತು, ಹಾಕಿ ನಾಲ್ಕು ಹೆಜ್ಜೆ ಇಟ್ಟಾಗ ಅಡಿ ಪುಡಿ ಪುಡಿ ಆಗುತ್ತದಲ್ಲ, ಅದೇ ಇದು. ತೇವ ಒಳಗೆ ಹೋಗಿ ಅದರ ಕಟ್ಟನ್ನೇ ಬಿಡಿಸುತ್ತದೆ. ನಮ್ಮ ಕಾರ್ಕಳದ ಕಡೆ ವರ್ಷಕ್ಕೆ 4,000 ಮಿ.ಮೀ.ಗೂ ಮೇಲೆ ಮಳೆ. ಅಂಥ ಬೆಲ್ಟು ಐದಾರು ವರ್ಷಕ್ಕೆ ಪುಡಿಯಾದರೆ ಅದರ ಆಯಸ್ಸು ಅಷ್ಟೇ, ಆರು ತಿಂಗಳಿಗೆ ಪುಡಿಯಾದರೆ ಕೇಳಬೇಕು.

ಹಿಂದೆ ಈ ತಲೆನೋವು ಇರಲಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದ ಮೇಲೆ ನಮ್ಮ ಹಿರಿಯರ ಕೈಗೆ ಬಂದದ್ದು ಚರ್ಮದ ಪಟ್ಟಿ, ಇಲ್ಲವೇ ಸ್ಟೀಲಿನ ಚೈನು. ಚರ್ಮದ್ದು ಆಟಿ ತಿಂಗಳಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತಿತ್ತು. ಅದನ್ನು ಯಾರೂ ದೋಷ ಅನ್ನಲಿಲ್ಲ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುತ್ತಿದ್ದರು.

ವಾರಂಟಿ ವಿಷಯಕ್ಕೆ ಬಂದರೆ, ಹೆಚ್ಚಿನ ಕಾರ್ಡುಗಳಲ್ಲಿ ಬೆಲ್ಟು, ಗಾಜು, ಬ್ಯಾಟರಿ ಬಿಟ್ಟು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಷ್ಟಕ್ಕೇ ಹೆದರಿ ಹಿಂದೆ ಬರಬೇಕಾಗಿಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾಲಿನ ಗುಣಮಟ್ಟದ ಕೊರತೆಯನ್ನೂ ದೋಷ ಅಂತಲೇ ಹೇಳಿದ್ದಾರೆ. ದೂರು ಕೊಡಲು ಎರಡು ವರ್ಷ ಸಮಯ. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಒಂದು ಬೆಲ್ಟಿಗಾಗಿ ಉಡುಪಿಗೆ ಓಡಾಡಿ ಅಂತ ನಾನು ಹೇಳುವುದಿಲ್ಲ, ಕೆಲಸ ಬಿಟ್ಟ ದಿನದ ಲೆಕ್ಕ ಯಾರು ಕೊಡುತ್ತಾರೆ? ಆದರೆ ಬಿಲ್ಲು ಇಟ್ಟುಕೊಂಡು, ಹರಿದ ತುಂಡನ್ನು ಎಸೆಯದೆ, ಫೆವಿಕ್ವಿಕ್ ಹಾಕಿ ಅಂಟಿಸದೆ ಕೊಂಡುಹೋಗಿ. ಅಂಟು ಹಾಕಿದ ಮೇಲೆ ಹರಿದ ಮುಖ ಯಾರಿಗೂ ಕಾಣುವುದಿಲ್ಲ, ನಮ್ಮ ಸಾಕ್ಷಿ ಅಲ್ಲಿಗೆ ಹೋಯಿತು. ಹೊಸತು ಕೊಳ್ಳುವಾಗಲೇ ಉಗುರು ಒತ್ತಿ ನೋಡಿ, ಗುರುತು ಬೇಗ ಮಾಯವಾಗಬೇಕು. ಪಿನ್ನಿನ ತೂತಿನ ಎರಡೂ ಬದಿಯ ದಪ್ಪ ಒಂದೇ ಇದೆಯಾ ನೋಡಿ. ಬೆಲ್ಟು ಸರಿ ಇದ್ದು ವಾಚು ಬಿದ್ದಿದ್ದರೆ ಮೊದಲು ಪಿನ್ ನೋಡಿ, ನಮ್ಮ ಬೆವರಿಗೆ ಅದು ತುಕ್ಕು ಹಿಡಿದು ತುಂಡಾಗುವುದೇ ಹೆಚ್ಚು.

ಮದ್ದು ಬಿಡುವ ದಿನ ವಾಚು ಬಿಚ್ಚಿಡುವುದೇ ಒಳ್ಳೆಯದು. ಆಗುವುದಿಲ್ಲ ಅಂದರೆ ಸಂಜೆ ಬೆಲ್ಟಿನ ಅಡಿಭಾಗವನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತೆಂಗಿನೆಣ್ಣೆ, ಹುಲ್ಲು ಕತ್ತರಿಸುವ ಮೆಷಿನ್ನಿನ ಪೆಟ್ರೋಲು ತಾಗಿದರೆ ರಬ್ಬರು ಉಬ್ಬುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಕ್ರೀಮು ಕೆಲವು ಪ್ಲಾಸ್ಟಿಕ್ ಬೆಲ್ಟನ್ನು ಕರಗಿಸುತ್ತದೆ.

ಭಾವ ಬಿಟ್ಟುಹೋದ ಬೆಲ್ಟನ್ನೂ ಹುಡುಗನ ಬೆಲ್ಟಿನ ಫೋಟೋವನ್ನೂ ಇಟ್ಟುಕೊಂಡಿದ್ದೇನೆ. ಈ ಕಡೆ ಬಂದವರು ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಅಡುಗೆ ಗ್ಯಾಸಿನ ಟ್ಯೂಬಿಗೆ ಮಾತ್ರ ಈ ಲೆಕ್ಕ ಬೇಡ. ಅದರ ಮೇಲೆ ಅಚ್ಚು ಹಾಕಿದ ವರ್ಷ ನೋಡಿ, ಐದು ವರ್ಷ ಆಗಿದ್ದರೆ ಅಥವಾ ಬಾಗಿಸಿದಾಗ ಬಿರುಕು ಕಂಡರೆ, ದೋಷವಾ ಸವೆತವಾ ಅಂತ ಕೂರದೆ ಅದೇ ದಿನ ಬದಲಾಯಿಸಿ.