ಹಾಜರಿ ಪುಸ್ತಕದ ಸತ್ಯ

ಶಾಲೆಯೊಂದನ್ನು ಸುಧಾರಿಸುವುದೆಂದರೆ ಕಟ್ಟಡಕ್ಕೆ ಸುಣ್ಣಬಣ್ಣ, ಆವರಣಕ್ಕೆ ಗೋಡೆ, ಮಕ್ಕಳಿಗೆ ಬೆಂಚು ಎಂಬ ಭಾವನೆ ಜನಮನದಲ್ಲಿ ನೆಲೆಯೂರಿದೆ. ಇವೆಲ್ಲ ಬೇಕಾದವೇ ಸರಿ. ಆದರೆ ವಿಜಯಪುರ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸುಧಾರಣೆಯು ಆರಂಭವಾದದ್ದು ಇವಾವುದರಿಂದಲೂ ಅಲ್ಲ. ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮದೇ ಸಹಿಯನ್ನು ತಾವು ನಂಬಲಾರದೆ ಹೋದ ಒಂದು ಮಧ್ಯಾಹ್ನದಿಂದ.

ಅವರು ಆ ಶಾಲೆಗೆ ಹೊಸಬರಲ್ಲ. ಹನ್ನೊಂದು ವರ್ಷ ಅಲ್ಲಿಯೇ ಸಹಶಿಕ್ಷಕಿಯಾಗಿದ್ದು, 2013ರ ಜೂನ್ ತಿಂಗಳಲ್ಲಿ ಮುಖ್ಯೋಪಾಧ್ಯಾಯಿನಿಯ ಹೊಣೆ ಹೊತ್ತವರು. ಊರವರು ಅವರನ್ನು ‘ಅಕ್ಕೋರು’ ಎಂದು ಕರೆಯುತ್ತಿದ್ದರು. ಜುಲೈ ತಿಂಗಳ ಒಂದು ದಿನ ಐದನೆಯ ತರಗತಿಯ ಬಾಲಕಿಯೊಬ್ಬಳನ್ನು ಬಳಿಗೆ ಕರೆದು ಪಾಠ ಓದಿಸಿದರು. ಆಕೆ ಎಲ್ಲಿಯೂ ತಡವರಿಸದೆ ಓದಿದಳು. ಸಂತೋಷಗೊಂಡು ಪುಟ ಮಗುಚಿ ಮುಂದಿನ ಪಾಠವನ್ನು ತೋರಿಸಿದಾಗ, ಬೆರಳನ್ನು ಸಾಲುಗಳ ಮೇಲೆ ಓಡಿಸುತ್ತ ಆಕೆ ಮತ್ತೆ ಹಿಂದಿನ ಪಾಠವನ್ನೇ ಒಪ್ಪಿಸಿದಳು. ಆ ಬಾಲಕಿ ಓದುತ್ತಿರಲಿಲ್ಲ. ಕೇಳಿ ಕಂಠಪಾಠ ಮಾಡಿದ್ದನ್ನು ಹೇಳುತ್ತಿದ್ದಳು.

ಅಂದು ಸಂಜೆಯೊಳಗೆ ಆ ತರಗತಿಯ ಹನ್ನೆರಡು ಮಕ್ಕಳಿಗೂ ಎರಡನೆಯ ತರಗತಿಯ ಒಂದು ಸರಳ ಕಥೆಯನ್ನು ಕೊಟ್ಟು ನೋಡಿದರು. ಓದಿದವರು ಐವರು. ಉಳಿದ ಏಳು ಮಕ್ಕಳಿಗೆ ಒತ್ತಕ್ಷರ ಬಂದೊಡನೆ ದಾರಿ ಮುಚ್ಚಿಹೋಗುತ್ತಿತ್ತು. ಕಪಾಟಿನಿಂದ ಹಿಂದಿನ ವರ್ಷಗಳ ಪ್ರಗತಿಪತ್ರಗಳನ್ನು ತೆಗೆದು ನೋಡಿದರೆ, ಆ ಏಳರಲ್ಲಿ ಆರು ಮಕ್ಕಳಿಗೆ ಕನ್ನಡದಲ್ಲಿ ಉತ್ತಮ ಶ್ರೇಣಿ. ಅವುಗಳಲ್ಲಿ ಎರಡು ವರ್ಷದ ಪತ್ರಗಳ ಮೇಲೆ ತರಗತಿ ಶಿಕ್ಷಕಿಯ ಸಹಿ ಅವರದೇ ಆಗಿತ್ತು.

ಇದು ಹೇಗೆ ನಡೆಯಿತು? ದುಷ್ಟತನದಿಂದ ಅಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಯಾವ ಮಗುವನ್ನೂ ಅನುತ್ತೀರ್ಣಗೊಳಿಸಬಾರದೆಂದಿತು. ಮಗುವಿಗೆ ಅವಮಾನವಾಗಬಾರದೆಂಬುದು ಅದರ ಆಶಯ; ಕಲಿಸಬೇಕಾಗಿಲ್ಲ ಎಂಬುದಲ್ಲ. ಆದರೆ ಕಡಿಮೆ ಶ್ರೇಣಿ ಬರೆದರೆ ಮೇಲಿನವರು ಕಾರಣ ಕೇಳುತ್ತಾರೆ, ಒಳ್ಳೆಯ ಶ್ರೇಣಿ ಬರೆದರೆ ಯಾರೂ ಕೇಳುವುದಿಲ್ಲ. ಹೀಗೆ ಒಂದೊಂದೇ ಅಕ್ಷರವಾಗಿ ಅಸತ್ಯವು ಕಡತವನ್ನು ಸೇರಿತು. ಸುಳ್ಳು ಹೇಳಿದೆವೆಂದು ಯಾರಿಗೂ ಅನಿಸಲಿಲ್ಲ.

ಹಾಜರಿ ಪುಸ್ತಕದ ಕಥೆಯೂ ಇದೇ. ದೀಪಾವಳಿ ಮುಗಿಯುತ್ತಲೇ ಊರಿನ ಅನೇಕ ಕುಟುಂಬಗಳು ಕಬ್ಬು ಕಡಿಯಲು ಹೊರಟರೆ ಮರಳುವುದು ಯುಗಾದಿಯ ಹೊತ್ತಿಗೆ. ತಂದೆತಾಯಿಯರೊಡನೆ ಮಕ್ಕಳೂ ಹೋಗುತ್ತಿದ್ದರು. ಕೂಸನ್ನು ಆಡಿಸಲು, ಗುಡಿಸಲು ಕಾಯಲು. ಅಂಥ ಒಂಬತ್ತು ಮಕ್ಕಳಿಗೆ ಆ ತಿಂಗಳುಗಳಲ್ಲಿಯೂ ಹಾಜರಿ ಬೀಳುತ್ತಿತ್ತು. ಮಧ್ಯಾಹ್ನದ ಬಿಸಿಯೂಟದ ಲೆಕ್ಕದಲ್ಲಿ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ. ಆ ಅಕ್ಕಿಯನ್ನು ಯಾರೂ ಮನೆಗೆ ಒಯ್ಯಲಿಲ್ಲ. ಇದ್ದ ಮಕ್ಕಳಿಗೇ ಎರಡನೆಯ ಸಲ ಬಡಿಸುತ್ತಿದ್ದರು. ದಯೆಯ ವೇಷ ತೊಟ್ಟ ಸುಳ್ಳನ್ನು ಗುರುತಿಸುವುದು ಕಷ್ಟ. ಆದರೆ ಕಾಗದದ ಮೇಲೆ ಹಾಜರಿದ್ದ ಮಗುವನ್ನು ಯಾರು ಹುಡುಕಿಯಾರು? ವಲಸೆ ಹೋದವರ ಮಕ್ಕಳಿಗಾಗಿ ಸರಕಾರದ ಯೋಜನೆಗಳಲ್ಲಿ ಏರ್ಪಾಡುಗಳಿದ್ದವು. ಈ ಊರಿನಿಂದ ಮಾತ್ರ ಒಂದು ಮಗುವೂ ಹೊರಗುಳಿದಿಲ್ಲವೆಂದು ವರ್ಷವರ್ಷವೂ ವರದಿ ಹೋಗುತ್ತಿತ್ತು.

ಇನ್ನೂ ಕಠಿಣವಾದ ಗಂಟೊಂದಿತ್ತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ 64 ಹೆಸರುಗಳು. ಅವುಗಳಲ್ಲಿ ಐದು ಮಕ್ಕಳು ವಾಸ್ತವವಾಗಿ ಪಟ್ಟಣದ ಖಾಸಗಿ ಶಾಲೆಗೆ ಹೋಗುತ್ತಿದ್ದರು. ಪುಸ್ತಕ, ಸಮವಸ್ತ್ರ ಇಲ್ಲಿ, ಪಾಠ ಅಲ್ಲಿ. ಕಾಯಿದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಐದು ಹೆಸರು ತೆಗೆದರೆ ಉಳಿಯುವುದು 59. ಒಂದು ಹುದ್ದೆ ಹೋಗುತ್ತದೆ. ಸೆಪ್ಟೆಂಬರ್ 30ರ ಅಂಕಿಅಂಶ ಕಳುಹಿಸಲು ಆಗ ಉಳಿದಿದ್ದುದು ಕೆಲವೇ ವಾರ.

ಹಿರಿಯ ಸಹೋದ್ಯೋಗಿ ಮಾಸ್ತರರು ವ್ಯವಹಾರಜ್ಞರು. “ಮೇಡಂ, ಇದು ಎಲ್ಲಾ ಕಡೆ ಇರೋದರೀ. ಮೂರು ಮಂದಿ ಇದ್ರ ಮಕ್ಕಳಿಗೇ ಒಳ್ಳೇದು. ಐದು ಹೆಸರಿನ ಸಲುವಾಗಿ ಐವತ್ತೊಂಬತ್ತು ಮಕ್ಕಳ ಹೊಟ್ಟಿ ಮ್ಯಾಲ ಹೊಡೀತೀರೇನು?” ಎಂದರು. ಅವರ ಮಾತು ಸ್ವಾರ್ಥದ್ದಾಗಿರಲಿಲ್ಲ. ಅದಕ್ಕೆಂದೇ ಅದಕ್ಕೆ ಉತ್ತರ ಕೊಡುವುದು ಸುಲಭವಾಗಲಿಲ್ಲ.

ಹುದ್ದೆ ಹೋದರೆ ಹೋಗಬೇಕಾದವರು ಬಹುಶಃ ನಲಿ-ಕಲಿ ತರಗತಿಯ ತರುಣ ಶಿಕ್ಷಕಿ; ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಸುತ್ತಿದ್ದವರು. ಮುಖ್ಯೋಪಾಧ್ಯಾಯಿನಿ ಮೊದಲು ಅವರಿಗೇ ವಿಷಯ ತಿಳಿಸಿದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ನನ್ನ ಸಲುವಾಗಿ ಸುಳ್ಳು ಬರೀಬ್ಯಾಡ್ರಿ ಅನ್ನೋವಷ್ಟು ದೊಡ್ಡಾಕಿ ನಾನಲ್ಲರೀ ಮೇಡಂ. ಆದ್ರ ಬರೀರಿ ಅಂತ ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ” ಎಂದರಂತೆ.

ಎರಡು ರಾತ್ರಿ ಮುಖ್ಯೋಪಾಧ್ಯಾಯಿನಿಗೆ ನಿದ್ರೆ ಬರಲಿಲ್ಲ. ಕೊನೆಗೆ ಅವರಿಗೆ ಹೊಳೆದುದು ಒಂದೇ ಸಂಗತಿ: ಅಳತೆಯೇ ತಪ್ಪಾದರೆ ಹೊಲಿದ ಅಂಗಿ ಮೈಗೆ ಹೊಂದೀತೇ? ಓದು ಬಾರದ ಮಗುವನ್ನು ಓದು ಬರುತ್ತದೆಂದು ಬರೆದ ಕೈಯೇ ಇಲ್ಲದ ಮಗುವನ್ನು ಇದೆಯೆಂದು ಬರೆದಿತ್ತು. ಒಂದನ್ನು ತಿದ್ದಿ ಇನ್ನೊಂದನ್ನು ಉಳಿಸಿಕೊಳ್ಳುವುದಾದರೆ ಎಲ್ಲಿ ಸತ್ಯ ಬರೆಯಬೇಕು, ಎಲ್ಲಿ ಬೇಡ ಎಂಬುದನ್ನು ಪ್ರತಿದಿನವೂ ಲಾಭನಷ್ಟ ನೋಡಿ ನಿರ್ಧರಿಸಬೇಕಾಗುತ್ತದೆ. ಅವರು 59 ಎಂದೇ ಬರೆದರು.

ಫಲವು ಅಂಜಿದಂತೆಯೇ ಆಯಿತು. 2014ರಲ್ಲಿ ತರುಣ ಶಿಕ್ಷಕಿಯನ್ನು ಹೆಚ್ಚುವರಿಯೆಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸಲಾಯಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ತಾಯಿಯೊಬ್ಬಳು ಎದ್ದು ನಿಂತು, “ನಿಮ್ಮ ಸತ್ಯಕ್ಕ ನಮ್ಮ ಮಕ್ಕಳು ದಂಡ ಕಟ್ಟಬೇಕೇನ್ರಿ ಅಕ್ಕೋರ?” ಎಂದು ಕೇಳಿದಳು. ಅದಕ್ಕೆ ಮುಖ್ಯೋಪಾಧ್ಯಾಯಿನಿಯ ಬಳಿ ಉತ್ತರವಿರಲಿಲ್ಲ. ತಮ್ಮ ಕೈಯಲ್ಲಿದ್ದ ಇನ್ನೊಂದು ಕಾಗದವನ್ನು ಮಾತ್ರ ಅವರು ಸಭೆಯ ಮುಂದಿಟ್ಟರು: ಯಾವ ಮಗುವಿಗೆ ಎಷ್ಟು ಓದು ಬರುತ್ತದೆಂಬ ನಿಜವಾದ ಪಟ್ಟಿ. ಅದನ್ನು ಕೂಗಿ ಓದಲಿಲ್ಲ. ಪ್ರತಿ ತಾಯಿತಂದೆಯನ್ನೂ ಪ್ರತ್ಯೇಕವಾಗಿ ಕರೆದು ಅವರ ಮಗುವಿನ ಸ್ಥಿತಿಯನ್ನು ತಿಳಿಸಿದರು. ಹಿಂದೆ ಬರೆದದ್ದು ತಪ್ಪೆಂದೂ, ಆ ತಪ್ಪಿನಲ್ಲಿ ತಮ್ಮ ಪಾಲಿದೆಯೆಂದೂ ಒಪ್ಪಿಕೊಂಡರು.

ಕೆಲಸವು ಆರಂಭವಾದದ್ದು ಅಲ್ಲಿಂದ. ಬೆಳಗಿನ ಮೊದಲ ಅವಧಿಯನ್ನು ಓದಿಗೆಂದೇ ಮೀಸಲಿಟ್ಟರು. ಆ ಒಂದು ಗಂಟೆ ಮಕ್ಕಳು ತರಗತಿಗನುಸಾರವಾಗಿ ಕೂಡುವುದಿಲ್ಲ. ಅಕ್ಷರದಲ್ಲಿರುವವರು, ಪದದಲ್ಲಿರುವವರು, ವಾಕ್ಯದಲ್ಲಿರುವವರು, ಕಥೆ ಓದುವವರು ಎಂದು ನಾಲ್ಕು ಗುಂಪು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯ ಕಲಿಕಾ ಏಣಿಯಲ್ಲಿ ಒಂದು ದೊಡ್ಡ ಗುಣವಿದೆ: ಮಗು ಮೂರು ತಿಂಗಳು ಬಾರದೆ ಹೋದರೂ ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮೊದಲ ಮೂರು ತರಗತಿಗಳಿಗಾಗಿ ಇರುವ ಆ ತತ್ತ್ವವನ್ನು ಅವರು ಐದನೆಯ ತರಗತಿಯವರೆಗೂ ಅನ್ವಯಿಸಿದರು. ಕಬ್ಬಿನ ಗದ್ದೆಯಿಂದ ಮರಳಿದ ಮಗುವನ್ನು ‘ಎಲ್ಲಿಗೆ ಹೋಗಿದ್ದೆ?’ ಎಂದು ಯಾರೂ ಗದರಿಸಕೂಡದೆಂದು ನಿಯಮ ಮಾಡಿದರು.

ದೀಪಾವಳಿಗೆ ಮುನ್ನ ಆ ಒಂಬತ್ತು ಮಕ್ಕಳ ಮನೆಗಳಿಗೆ ನಡೆದು ಹೋದರು. ಐದು ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟುಹೋಗಲು ಮನೆಯವರು ಒಪ್ಪಿದರು. ನಾಲ್ವರು ಹೋದರು. ಹಾಜರಿ ಪುಸ್ತಕದಲ್ಲಿ ಆ ನಾಲ್ವರ ಮುಂದೆ ಮೊದಲ ಬಾರಿಗೆ ಗೈರುಹಾಜರಿ ಬಿದ್ದಿತು. ವಲಸೆ ಹೋದ ಮಕ್ಕಳ ಪಟ್ಟಿಯೊಂದು ಮೊದಲ ಬಾರಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಮುಟ್ಟಿತು.

ಅದೇ ವರ್ಷ ಊರಿನ ಮೂಲದವರಾದ ದಾನಿಗಳೊಬ್ಬರು ತಮ್ಮ ತಂದೆಯವರ ಸ್ಮರಣಾರ್ಥ ಶಾಲೆಗೆ ಕಲ್ಲಿನ ಮಹಾದ್ವಾರವನ್ನು ಕಟ್ಟಿಸಿಕೊಡಲು ಬಂದರು. ಮುಖ್ಯೋಪಾಧ್ಯಾಯಿನಿ ಅವರನ್ನು ಓದಿನ ಅವಧಿಯಲ್ಲಿ ಒಂದು ಗಂಟೆ ಕೂರಿಸಿಕೊಂಡರು. ಅಕ್ಷರದ ಗುಂಪಿನಲ್ಲಿ ಕುಳಿತಿದ್ದ ನಾಲ್ಕನೆಯ ತರಗತಿಯ ಹುಡುಗನನ್ನು ಕಂಡು ದಾನಿಗಳು ಮೌನವಾದರು. ಆ ಹಣದಿಂದ ಕಥೆಪುಸ್ತಕಗಳು ಬಂದವು. ಊರಿನಲ್ಲಿಯೇ ಇದ್ದ, ಪದವಿ ಓದಿದ ಸೊಸೆಯೊಬ್ಬಳಿಗೆ ಬೆಳಗಿನ ಹೊತ್ತು ಮಕ್ಕಳಿಗೆ ಓದಿಸಲು ಗೌರವಧನ ದೊರೆಯಿತು. ಮಹಾದ್ವಾರ ಇಂದಿಗೂ ಇಲ್ಲ. ದಾನಿಗಳ ತಂದೆಯ ಹೆಸರು ಪುಸ್ತಕಗಳ ಒಳಪುಟದಲ್ಲಿದೆ. ಅದನ್ನು ಓದಬಲ್ಲ ಮಕ್ಕಳಿದ್ದಾರೆ.

2016ರ ಮಾರ್ಚ್ ತಿಂಗಳಲ್ಲಿ ಐದನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಒಂಬತ್ತು ಮಕ್ಕಳು ತಾವು ಹಿಂದೆಂದೂ ನೋಡದ ಕಥೆಯನ್ನು ತಂದೆತಾಯಿಯರ ಮುಂದೆ ಓದಿದರು. ಇಬ್ಬರಿಗೆ ಬರಲಿಲ್ಲ. ಒಂಬತ್ತು ಬಂದಿರುವಾಗ ಆ ಎರಡನ್ನೂ ಸೇರಿಸಿ ಬರೆದರೆ ಶಾಲೆಗೆ ನೂರಕ್ಕೆ ನೂರರ ಕೀರ್ತಿಯೆಂದು ಹಿತೈಷಿಗಳು ಸೂಚಿಸಿದರು. ಪೆನ್ನನ್ನು ಕೈಗೆತ್ತಿಕೊಂಡವರು ಈ ಸಲ ಹಿರಿಯ ಮಾಸ್ತರರು. ಆ ಎರಡು ಹೆಸರುಗಳ ಮುಂದೆ ‘ಇನ್ನೂ ಓದಲು ಬರುವುದಿಲ್ಲ, ಒತ್ತಕ್ಷರದಿಂದ ಕಲಿಸಬೇಕು’ ಎಂದು ಬರೆದು, ಮುಂದಿನ ಶಾಲೆಯ ಶಿಕ್ಷಕರಿಗೆ ತಿಳಿಯಲೆಂದು ವರ್ಗಾವಣೆ ಪತ್ರದ ಜೊತೆಗೆ ಅದರ ಪ್ರತಿಯನ್ನೂ ಲಗತ್ತಿಸಿದರು.

ಮೂರನೆಯ ಹುದ್ದೆ ಆ ಶಾಲೆಗೆ ಮರಳಲಿಲ್ಲ. ಸಭೆಯಲ್ಲಿ ಎದ್ದು ಕೇಳಿದ ಆ ತಾಯಿಯ ಪ್ರಶ್ನೆಯೂ ಪೂರ್ತಿಯಾಗಿ ತೀರಲಿಲ್ಲ. ಸತ್ಯಕ್ಕೆ ತೆತ್ತ ಬೆಲೆಯಲ್ಲಿ ಒಂದು ಪಾಲನ್ನು ಮಕ್ಕಳೇ ತೆತ್ತರೆಂಬುದು ನಿಜ. ಆದರೆ ಅದಕ್ಕೂ ಮೊದಲು ಅನೇಕ ವರ್ಷ ಸುಳ್ಳಿನ ಬೆಲೆಯನ್ನೂ ಅವರೇ ತೆರುತ್ತಿದ್ದರು. ಅದು ಯಾವ ಪುಸ್ತಕದಲ್ಲಿಯೂ ಖರ್ಚೆಂದು ಬರೆದಿರಲಿಲ್ಲ, ಅಷ್ಟೆ.