ತಂಬೂರಿಯ ತವರು ಮಿರಜ

ಗವಯಿಗಳ ಹಾಡಿಕೆ ಕೇಳಿ ಮನೆಗೆ ಮರಳುವ ರಸಿಕರು ಕಂಠವನ್ನು ಹೊಗಳುತ್ತಾರೆ, ತಬಲೆಯ ಕೈಚಳಕವನ್ನು ಹೊಗಳುತ್ತಾರೆ. ತಂಬೂರಿಯನ್ನು ಹೊಗಳಿದವರನ್ನು ಮಾತ್ರ ಕಾಣುವುದು ಅಪರೂಪ. ಹಾಡು ಮೊದಲಾಗುವ ಮುನ್ನ ಮೊಳಗಿ, ಹಾಡು ಮುಗಿದ ಮೇಲೂ ಕ್ಷಣಕಾಲ ಝೇಂಕರಿಸುವ ಈ ವಾದ್ಯ, ಮನೆಯ ಅಡಿಗಲ್ಲಿನಂತೆ, ಇದ್ದೂ ಕಣ್ಣಿಗೆ ಬೀಳದು. ಅದನ್ನು ಮಾಡಿದ ಕೈಗಳ ಪಾಡೂ ಅದೇ.

ಗದುಗಿಗೆ ಸಂಗೀತದ ಬರವಿಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯೋತ್ತಮರಾದ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವು ಎಷ್ಟೋ ಅಂಧ ಬಾಲಕರಿಗೆ ಸ್ವರವನ್ನೇ ದೃಷ್ಟಿಯಾಗಿ ಕೊಟ್ಟಿದೆ. ಆದರೆ ಒಳ್ಳೆಯ ತಂಬೂರಿ ಎಲ್ಲಿ ಸಿಕ್ಕೀತೆಂದು ನಮ್ಮ ಸೀಮೆಯ ಹಾಡುಗಾರರನ್ನು ಕೇಳಿದರೆ ಅವರು ಬೆರಳು ತೋರುವುದು ಉತ್ತರಕ್ಕೆ, ಮಿರಜಿನ ಕಡೆಗೆ.

ಹುಬ್ಬಳ್ಳಿ, ಲೋಂಡಾ, ಬೆಳಗಾವಿಗಳ ಮಾರ್ಗವಾಗಿ ಗದುಗಿನಿಂದ ಮಿರಜಿಗೆ ರೈಲಿನಲ್ಲಿ ಹೋಗಬಹುದು. ಅದು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಊರು. ಆದರೂ ನಮಗೆ ಪರಕೀಯವಲ್ಲ. ಪಂಪನ ಕನ್ನಡದ ತಿರುಳೆನಿಸಿದ ಪುಲಿಗೆರೆ, ಎಂದರೆ ನಮ್ಮ ಲಕ್ಷ್ಮೇಶ್ವರವು, ಸಂಸ್ಥಾನಗಳ ವಿಲೀನವಾಗುವವರೆಗೂ ಮಿರಜಿನ ಪಟವರ್ಧನ ಸಂಸ್ಥಾನಿಕರ ಆಡಳಿತದಲ್ಲಿಯೇ ಇತ್ತು. ಅರಸೊತ್ತಿಗೆಯ ಆ ನಂಟು 1948ರಲ್ಲಿ ಕಡಿದುಹೋಯಿತು. ನಾದದ ನಂಟು ಉಳಿಯಿತು.

ಮಿರಜಿನ ವಾದ್ಯಕಾರರ ಪೂರ್ವಜರು ಶಿಕಲಗಾರರು. ಖಡ್ಗ, ಕಠಾರಿಗಳನ್ನು ಸಾಣೆ ಹಿಡಿದು ಬದುಕಿದವರು. ಯುದ್ಧಗಳು ನಿಂತು ಆಯುಧಗಳಿಗೆ ಬೇಡಿಕೆ ಕುಂದಿದಾಗ ಅವರ ಅನ್ನಕ್ಕೆ ಸಂಚಕಾರ ಬಂದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅವರಲ್ಲೊಬ್ಬನಾದ ಫರೀದಸಾಹೇಬನು ಸಂಗೀತಗಾರರ ಕೆಟ್ಟ ವಾದ್ಯಗಳನ್ನು ರಿಪೇರಿ ಮಾಡುತ್ತ, ಕ್ರಮೇಣ ಹೊಸ ವಾದ್ಯಗಳನ್ನೇ ನಿರ್ಮಿಸತೊಡಗಿದನಂತೆ. ಕತ್ತಿಯ ಅಂಚನ್ನು ಅರಿತ ಕೈ ತಂತಿಯ ನಾದವನ್ನು ಅರಿಯಿತು. ಇಂದಿಗೂ ಆ ಬೀದಿಗಳಲ್ಲಿ ಸಿತಾರಮೇಕರ ಎಂಬ ಮನೆತನದ ಹೆಸರು ಕೇಳಬಹುದು.

ತಂಬೂರಿಯ ಒಡಲು ಹೊಲದಲ್ಲಿ ಬೆಳೆಯುತ್ತದೆ! ಭೀಮಾತೀರದ ಪಂಢರಪುರ, ಮಂಗಳವೇಢೆಗಳ ಸುತ್ತಿನ ರೈತರು ಬೆಳೆದ ದೊಡ್ಡ ಕಹಿಸೋರೆಯ ಕಾಯಿಗಳನ್ನು ತಿಂಗಳುಗಟ್ಟಲೆ ಒಣಗಿಸಿ, ನೆನೆಸಿ, ಕೊಯ್ದು ಬುರುಡೆಯನ್ನು ಸಿದ್ಧಪಡಿಸುತ್ತಾರೆ. ಅದಕ್ಕೆ ಮರದ ಮುಚ್ಚಳ, ಉದ್ದನೆಯ ದಂಡಿ, ಬಿರಡೆಗಳು, ನಾಲ್ಕು ತಂತಿಗಳು. ಗಂಡಸರ ಗಾಯನಕ್ಕೆ ಬಳಸುವ ತಂಬೂರಿ ಹಿರಿದು, ಹೆಂಗಸರದು ಕಿರಿದು. ಹೀಗೆ ಜೋಡಣೆಯಾದರೂ ವಾದ್ಯಕ್ಕೆ ಇನ್ನೂ ಜೀವ ಬಂದಿರುವುದಿಲ್ಲ. ತಂತಿಯನ್ನು ಹೊತ್ತ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಬಾಗುವಂತೆ ಅರದಿಂದ ಉಜ್ಜಬೇಕು. ಮಿಡಿದ ತಂತಿ ಅದನ್ನು ಸವರಿಕೊಂಡೇ ಕಂಪಿಸಬೇಕು. ಅದರಡಿ ಒಂದು ದಾರದ ಎಳೆಯನ್ನು ಅತ್ತಿತ್ತ ಸರಿಸಿದಾಗ ನಾದವು ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಇದೇ ಜವಾರಿ. ಇದಕ್ಕೆ ಅಳತೆಗೋಲಿಲ್ಲ, ಕಿವಿಯೇ ಪ್ರಮಾಣ. ಒಂದು ಬೆರಳು ಹೆಚ್ಚು ಉಜ್ಜಿದರೂ ದುಡಿಮೆಯೆಲ್ಲ ವ್ಯರ್ಥ.

ಖಾನ್‌ಸಾಹೇಬ ಅಬ್ದುಲ್ ಕರೀಂಖಾನರು ನೆಲೆಸಿದ್ದುದು ಈ ಮಿರಜಿನಲ್ಲಿಯೇ. 1937ರಲ್ಲಿ ಮದ್ರಾಸಿನ ಕಡೆಯ ಪ್ರವಾಸದಲ್ಲಿ ತೀರಿಕೊಂಡ ಅವರ ಸಮಾಧಿ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗದಗ ಸೀಮೆಯ ಬಾಲಕ ಭೀಮಸೇನ ಜೋಶಿ ಖಾನ್‌ಸಾಹೇಬರ ಧ್ವನಿಮುದ್ರಿಕೆ ಕೇಳಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟು, ಕೊನೆಗೆ ಸೇರಿದುದು ಅದೇ ಸವಾಯಿ ಗಂಧರ್ವರ ಪಾದಗಳನ್ನು. ಆ ಶಿಷ್ಯಪರಂಪರೆಯನ್ನು ನಾವು ಹೆಮ್ಮೆಯಿಂದ ಬಾಯಿಪಾಠ ಹೇಳುತ್ತೇವೆ. ಸೋರೆ ಬೆಳೆದ ರೈತನಿಂದ ಜವಾರಿ ತೆಗೆದ ಕುಶಲಿಯವರೆಗಿನ ಇನ್ನೊಂದು ಪರಂಪರೆಯನ್ನು ಹೇಳುವವರಾರು?

ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ 1737ರಲ್ಲಿ ಕಾಲವಾದ ಸ್ಟ್ರಾಡಿವಾರಿ ಎಂಬವನ ಪಿಟೀಲು, ಚೆಲ್ಲೋಗಳಿಗೆ ಇಂದು ಜಗತ್ತು ರಾಶಿ ರಾಶಿ ಹಣ ಸುರಿಯುತ್ತದೆ. ಮಾಡಿದವನ ಹೆಸರೇ ಅಲ್ಲಿ ವಾದ್ಯದ ಹೆಸರು. ನಮ್ಮಲ್ಲಿ ವಾದ್ಯವನ್ನು ಪೂಜಿಸುತ್ತೇವೆ, ಮಾಡಿದವನನ್ನು ಮರೆಯುತ್ತೇವೆ. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತುದು ಸಂತೋಷದ ಸಂಗತಿ. ಊರಿನ ಹೆಸರಿಗಾದರೂ ರಕ್ಷಣೆಯಾಯಿತು.

ಆದರೆ ಹೆಸರು ಉಳಿದರೆ ಸಾಲದು, ಕಸಬೂ ಉಳಿಯಬೇಕು. ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಬಂದಿತು. ಈಗ ಕೈಯ ಫೋನಿನಲ್ಲಿಯೇ ತಂಬೂರಿ ಮೊಳಗುತ್ತದೆ. ಇಕ್ಕಟ್ಟಾದ ಮನೆಗಳಲ್ಲಿ, ಬಸ್ಸು ರೈಲುಗಳ ಪ್ರಯಾಣದಲ್ಲಿ, ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಪೆಟ್ಟಿಗೆಯ ಗುಂಡಿಯೊತ್ತಿದ ವಿದ್ಯಾರ್ಥಿಗೆ ಶ್ರುತಿ ಸಿದ್ಧವಾಗಿಯೇ ಸಿಗುತ್ತದೆ. ಬಿರಡೆ ತಿರುವಿ, ದಾರ ಸರಿಸಿ, ಷಡ್ಜ ಕೂಡುವವರೆಗೆ ಕಾಯುವ ಮೊದಲ ಪಾಠ ತಪ್ಪಿಹೋಗುತ್ತದೆ. ಜವಾರಿ ತೆಗೆಯುವ ಕುಶಲಿಗೂ, ಹಾಡುವ ಶಿಷ್ಯನಿಗೂ ಕಿವಿ ಹದಗೊಳ್ಳುವುದು ಇದೇ ಕೆಲಸದಲ್ಲಿ.

ಮಿರಜಿಗೆ ಹೋದ ವಾಚಕರು ದರ್ಗಾ ನೋಡಿ ಹಾಗೆಯೇ ಹಿಂದಿರುಗದಿರಲಿ. ವಾದ್ಯದಂಗಡಿಯೊಂದರ ಮುಂದೆ ಅರೆಗಳಿಗೆ ನಿಂತು, ಅರದ ಸದ್ದಿನ ನಡುವೆ ತಂತಿಯ ಮಿಡಿತ ಕೇಳಲಿ; ಮಾಡುತ್ತಿರುವವರ ಹೆಸರನ್ನೂ ಕೇಳಿ ತಿಳಿದುಕೊಳ್ಳಲಿ.